ದಮ್ಮು ಹತ್ತಿದವರ ಬಗಲಲ್ಲಿ ಕೂತವರು

ನಮ್ಮ ಬಸವಕಲ್ಯಾಣ, ಹುಮನಾಬಾದ್ ಕಡೆ ಉಸಿರಾಟದ ಕಾಯಿಲೆಗಳಿಗೆಲ್ಲ ಇರೋದು ಒಂದೇ ಹೆಸರು: ದಮ್ಮು. ಮೈಸೂರು ಕಡೆಯವರು ಗೂರಲು ಅಂತಾರೆ, ಪುಸ್ತಕದವರು ಉಬ್ಬಸ ಅಂತಾರೆ. ನಮ್ಮಲ್ಲಿ "ಮುತ್ಯಾಗ ದಮ್ಮು ಹತ್ಯಾದ" ಅಂದ್ರೆ ಮುಗೀತು, ಕೇಳಿದವರಿಗೆ ಎಲ್ಲಾ ತಿಳೀತು. ದಮ್ ಅನ್ನೋದು ಫಾರ್ಸಿ ಮಾತು, ಅರ್ಥ ಉಸಿರು. ನಿಜಾಮರ ಕಾಲದ ಉರ್ದು ಜೊತೆ ಬಂದು ನಮ್ಮ ಬಾಯಲ್ಲಿ ಉಳಕೊಂಡಿದೆ. ಉಸಿರಿಗೂ ಅದೇ ಮಾತು, ಉಸಿರು ಸಿಗದಿದ್ದಕ್ಕೂ ಅದೇ ಮಾತು. ಬಿರಿಯಾನಿಗೆ ಕಟ್ಟೋದೂ ದಮ್ಮೇ, ಬೀಡಿ ಎಳೆಯೋದೂ ದಮ್ಮೇ! ದಮ್ಮು ಎಳೆದೂ ಎಳೆದೂ ದಮ್ಮು ಹತ್ತಿಸಿಕೊಳ್ಳೋದು ಅಂದ್ರೆ ಇದೇ ನೋಡಿ.

ಈ ದಮ್ಮಿನೊಳಗೆ ಆಸ್ತಮಾ ಒಂದು ಕಡೆ, ಸಿಒಪಿಡಿ ಇನ್ನೊಂದು ಕಡೆ. ಆಸ್ತಮಾ ಬಂದು ಹೋಗುತ್ತೆ, ಮಕ್ಕಳಿಗೂ ಬರುತ್ತೆ. ಸಿಒಪಿಡಿ ಸಾಮಾನ್ಯವಾಗಿ ನಲವತ್ತು ದಾಟಿದ ಮೇಲೆ ಕಾಣಿಸಿಕೊಳ್ಳೋದು, ವರ್ಷಗಟ್ಟಲೆ ಹೊಗೆ ಕುಡಿದ ಶ್ವಾಸಕೋಶದ ಕಾಯಿಲೆ. ಗಾಳಿಯ ಕೊಳವೆಗಳು ಸಣ್ಣಗಾಗಿ, ಗಾಳಿಚೀಲಗಳು ಹರಿದು, ಒಳಗೆ ಹೋದ ಗಾಳಿ ಪೂರಾ ಹೊರಗೆ ಬರೋದಿಲ್ಲ. ಪೂರ್ತಿ ವಾಸಿ ಮಾಡೋ ಔಷಧಿ ಇವತ್ತಿಗೂ ಇಲ್ಲ. ಹಾಗಾಗಿ ಈ ಕಾಯಿಲೆಯಲ್ಲಿ ಡಾಕ್ಟರು ಬಂದು ಹೋಗ್ತಾರೆ, ಆರೈಕೆ ಮಾಡೋರು ಉಳೀತಾರೆ. ಡಾಕ್ಟರರ ಚರಿತ್ರೆ ಬೇಕಾದಷ್ಟಿದೆ. ರಾತ್ರಿ ಎರಡು ಗಂಟೆಗೆ ರೋಗಿಯನ್ನ ಎಬ್ಬಿಸಿ, ಗೋಡೆಗೆ ಲೋಡು ಇಟ್ಟು ಕೂಡಿಸಿ, ಬೆನ್ನು ಸವರಿದವರ ಚರಿತ್ರೆ ಹುಡುಕಿದ್ರೆ ಮಾತ್ರ ಚೂರು ಚೂರು ಸಿಗುತ್ತೆ. ಸಿಕ್ಕ ಚೂರುಗಳನ್ನ ಇಲ್ಲಿ ಜೋಡಿಸೋ ಪ್ರಯತ್ನ ಮಾಡಿದೀನಿ. ಓದ್ತಾ ಓದ್ತಾ ನನಗೆ ಅನ್ನಿಸಿದ್ದನ್ನ ಮೊದಲೇ ಹೇಳಿಬಿಡ್ತೀನಿ: ಸಿಒಪಿಡಿ ರೋಗಿಯ ಆಯುಷ್ಯ ಹೆಚ್ಚು ಮಾಡಿದ ಸಂಗತಿಗಳಲ್ಲಿ ಅರ್ಧಕ್ಕರ್ಧ ನರ್ಸಿನ ಕೈಯಲ್ಲೋ ಮನೆಯ ಹೆಣ್ಣುಮಕ್ಕಳ ಕೈಯಲ್ಲೋ ಇವೆ.

ಹಳೇದರಿಂದಲೇ ಶುರು ಮಾಡೋಣ. ಚರಕ ಸಂಹಿತೆಯಲ್ಲಿ ಚಿಕಿತ್ಸೆಗೆ ನಾಲ್ಕು ಕಾಲು ಅಂತ ಹೇಳ್ತಾರೆ: ವೈದ್ಯ, ಔಷಧಿ, ರೋಗಿ, ಮತ್ತೆ ಉಪಸ್ಥಾತಾ, ಅಂದ್ರೆ ಬಗಲಲ್ಲಿ ನಿಂತು ನೋಡಿಕೊಳ್ಳೋನು. ಈ ನಾಲ್ಕನೆಯವನಿಗೆ ನಾಲ್ಕು ಗುಣ ಬೇಕಂತೆ: ಉಪಚಾರ ಗೊತ್ತಿರಬೇಕು, ಕೈ ಚುರುಕಿರಬೇಕು, ರೋಗಿ ಮೇಲೆ ಪ್ರೀತಿ ಇರಬೇಕು, ಶುಚಿಯಾಗಿರಬೇಕು. ಇವತ್ತಿನ ನರ್ಸಿಂಗ್ ಕಾಲೇಜಿನವರು ಗೋಡೆ ಮೇಲೆ ಬರೆಸಿಕೊಳ್ಳಬಹುದು. ಅದೇ ಪುಸ್ತಕ ತಮಕ ಶ್ವಾಸ ಅನ್ನೋದನ್ನ ವರ್ಣಿಸೋವಾಗ ಹೇಳೋ ಮಾತು ಇನ್ನೂ ಸೊಗಸು: ಈ ರೋಗಿಗೆ ಮಲಗಿದ್ರೆ ಸಂಕಟ ಜಾಸ್ತಿ, ಕೂತರೆ ಸ್ವಲ್ಪ ಸುಖ, ಬಿಸಿಯದ್ದು ಬೇಕು ಅನ್ನಿಸುತ್ತೆ, ಮೋಡ ಮತ್ತೆ ಥಂಡಿ ಗಾಳಿಗೆ ಏರುತ್ತೆ. ಇದನ್ನ ವೈದ್ಯ ಕೂತಲ್ಲೇ ಕಂಡುಕೊಂಡಿರಲಿಕ್ಕಿಲ್ಲ ಅಂತ ನನ್ನ ಅನುಮಾನ. ರಾತ್ರಿಯೆಲ್ಲ ಎದ್ದು ನೋಡಿದವರು ಯಾರೋ ಹೇಳಿರಬೇಕು.

ಕಲ್ಯಾಣಕ್ಕೆ ಬಂದ್ರೆ, ಚಾಲುಕ್ಯರ ಕಾಲದಲ್ಲಿ ವೈದ್ಯದ ಬರವಣಿಗೆ ಜೋರಾಗೇ ಇತ್ತು. ಇದೇ ಮನೆತನದ ರಾಜಕುಮಾರ ಕೀರ್ತಿವರ್ಮ ಕನ್ನಡದಲ್ಲಿ ಗೋವೈದ್ಯ ಅಂತಲೇ ಒಂದು ಪುಸ್ತಕ ಬರೆದ. ದನಗಳ ಚಿಕಿತ್ಸೆಗೆ ಅರಮನೆಯಿಂದಲೇ ಪುಸ್ತಕ ಬಂತು, ಮನುಷ್ಯರ ಆರೈಕೆ ಮಾಡೋ ಹೆಂಗಸರ ಬಗ್ಗೆ ಯಾವ ರಾಜಕುಮಾರನೂ ಬರೀಲಿಲ್ಲ. ಇರಲಿ. 12ನೇ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣ ಅಂತ ಒಬ್ಬರಿದ್ದರು. ಹೆಸರೇ ಹೇಳುವ ಹಾಗೆ ಕಾಯಕ ವೈದ್ಯ. ಅವರ ವಚನಗಳು ಇಪ್ಪತ್ತರ ಆಸುಪಾಸು ಸಿಕ್ಕಿವೆ, ಅವುಗಳಲ್ಲಿ ರೋಗ, ಮದ್ದು, ಪಥ್ಯ ಎಲ್ಲ ಬರುತ್ತವೆ. ಅವರು ಹೇಳ್ತಿರೋದು ಭವರೋಗದ ಮಾತು ಬಿಡಿ, ಆದರೂ ಮದ್ದು ಅರೆದ ಕೈಯವರಿಗೆ ಮಾತ್ರ ಬರೋ ಭಾಷೆ ಅದು. ವೈದ್ಯನ ಕಾಯಕ ಮಾಡೋನು ಶರಣರ ಸಾಲಿನಲ್ಲಿ ಕೂತದ್ದೂ ಕಲ್ಯಾಣದ ಕಾಲದಲ್ಲೇ.

ಇಲ್ಲಿಂದ ಏಳುನೂರು ವರ್ಷ ದಾಟಿ ಬರ್ತೀನಿ, ನಡುವೆ ನಮ್ಮ ವಿಷಯಕ್ಕೆ ಹತ್ತಿರದ್ದು ನನಗೆ ಸಿಕ್ಕಿಲ್ಲ. ಅಷ್ಟರಲ್ಲಿ ಕಲ್ಯಾಣ, ಹುಮನಾಬಾದ್ ಎರಡೂ ನಿಜಾಮರ ರಾಜ್ಯದಲ್ಲಿದ್ದವು. ಕಲ್ಯಾಣಿ ಅನ್ನೋದು ನವಾಬರ ಜಹಗೀರು. ದೊಡ್ಡ ದವಾಖಾನೆ ಅಂದ್ರೆ ಹೈದರಾಬಾದು. ಅತ್ತ ಪ್ಯಾರಿಸ್ಸಿನಲ್ಲಿ ಲೆನೆಕ್ ಅನ್ನೋ ವೈದ್ಯ 1816ರಲ್ಲಿ ಸ್ಟೆತಸ್ಕೋಪ್ ಕಂಡುಹಿಡಿದು, 1819ರ ತನ್ನ ಪುಸ್ತಕದಲ್ಲಿ ಎಂಫಿಸೀಮಾ, ಅಂದ್ರೆ ಊದಿಕೊಂಡ ಶ್ವಾಸಕೋಶವನ್ನ ವಿವರಿಸಿದ್ದ. ಅದಾಗಿ ಎಪ್ಪತ್ತು ವರ್ಷಕ್ಕೆ ಹೈದರಾಬಾದಿನಲ್ಲಿ ಒಂದು ಪ್ರಸಂಗ ನಡೀತು. ನೇರವಾಗಿ ದಮ್ಮಿನದ್ದಲ್ಲ, ಆದ್ರೆ ಉಸಿರಿನದ್ದೇ.

ಆಗ ಆಪರೇಷನ್‌ಗೆ ಕ್ಲೋರೋಫಾರ್ಮ್ ಕೊಡ್ತಿದ್ದರು. ಕೆಲವು ರೋಗಿಗಳು ಮೇಜಿನ ಮೇಲೇ ಸಾಯ್ತಿದ್ದರು. ಹೃದಯ ನಿಂತು ಸಾಯ್ತಾರೋ, ಉಸಿರು ನಿಂತು ಸಾಯ್ತಾರೋ ಅಂತ ಜಗಳ. ಹೈದರಾಬಾದ್ ಮೆಡಿಕಲ್ ಸ್ಕೂಲಿನ ಮುಖ್ಯಸ್ಥ ಎಡ್ವರ್ಡ್ ಲಾರಿ ಉಸಿರಿನ ಪಕ್ಷ. ಆರನೇ ನಿಜಾಮ ಮೆಹಬೂಬ್ ಅಲಿ ಖಾನ್ ದುಡ್ಡು ಕೊಟ್ಟರು. 1888ರಲ್ಲಿ ಒಂದು, 1889ರಲ್ಲಿ ಇನ್ನೊಂದು ಕ್ಲೋರೋಫಾರ್ಮ್ ಕಮಿಷನ್ ಕೂತಿತು. ಎರಡನೆಯದಕ್ಕೆ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ ಲಾಡರ್ ಬ್ರಂಟನ್ ಎಂಬ ತಜ್ಞನನ್ನೇ ಕಳಿಸಿತು, ಅವನ ಖರ್ಚಿಗೂ ನಿಜಾಮರೇ ಒಂದು ಸಾವಿರ ಪೌಂಡ್ ಕೊಟ್ಟಿದ್ದರು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ಕಮಿಷನ್ ಹೇಳಿದ್ದು: ಮೊದಲು ನಿಲ್ಲೋದು ಉಸಿರು, ನಾಡಿ ಹಿಡಿದು ಕೂರಬೇಡಿ, ಉಸಿರನ್ನೇ ನೋಡ್ತಾ ಇರಿ. 1911ರಲ್ಲಿ ಲೆವಿ ಅನ್ನೋ ವಿಜ್ಞಾನಿ ಕ್ಲೋರೋಫಾರ್ಮ್ ಹೃದಯವನ್ನೂ ಹಠಾತ್ತನೆ ನಿಲ್ಲಿಸಬಲ್ಲದು ಅಂತ ತೋರಿಸಿದ. ಲಾರಿ ಅಷ್ಟರ ಮಟ್ಟಿಗೆ ತಪ್ಪು. ಆದ್ರೆ ರೋಗಿಯ ಎದೆ ಏರಿಳಿಯೋದನ್ನ ಕಣ್ಣು ಕೀಳದೆ ನೋಡಬೇಕು ಅನ್ನೋ ಪಾಠ ಅದೇ ದವಾಖಾನೆಯಲ್ಲಿ ಕಲಿತವರ ಕೈಗೆ ಹತ್ತಿತ್ತು. ಅವರಲ್ಲಿ ಒಬ್ಬರು ರೂಪಾಬಾಯಿ ಫರ್ದುಂಜಿ. 1885ರಿಂದ 1889ರವರೆಗೆ ಅಲ್ಲೇ ಓದಿ ಆಮೇಲೆ ಅರಿವಳಿಕೆ ಕೊಡೋದನ್ನೇ ವೃತ್ತಿ ಮಾಡಿಕೊಂಡವರು. ಈ ಕೆಲಸ ಮಾಡಿದ ಜಗತ್ತಿನ ಮೊದಲ ಹೆಣ್ಣುಮಕ್ಕಳಲ್ಲಿ ಅವರ ಹೆಸರು ಬರುತ್ತೆ. ನಮ್ಮದೇ ರಾಜಧಾನಿಯಾಗಿದ್ದ ಊರಲ್ಲಿ ಒಬ್ಬ ಹೆಣ್ಣುಮಗಳು ಪರರ ಉಸಿರು ಎಣಿಸ್ತಾ ಕೂತಿದ್ದರು ಅನ್ನೋದು ನನಗೆ ಬಹಳ ಇಷ್ಟವಾದ ಚಿತ್ರ.

ಆದ್ರೆ ಹುಮನಾಬಾದಿನ ರೈತನಿಗೆ ಕಮಿಷನ್ ಕಟ್ಟಿಕೊಂಡು ಏನಾಗಬೇಕು? ಅವನಿಗೆ ಗೊತ್ತಿದ್ದ ಹೈದರಾಬಾದ್ ಔಷಧಿ ಬೇರೆ, ಮೀನಿನ ಔಷಧಿ. ಬತ್ತಿನಿ ಗೌಡ್ ಮನೆತನದವರು 1845ರಿಂದ ಕೊಡ್ತಾ ಬಂದಿದೀವಿ ಅಂತ ಹೇಳೋದು. ಮೃಗಶಿರ ಮಳೆ ಹುಟ್ಟೋ ದಿನ, ಜೂನ್ ಮೊದಲ ವಾರದ ಹೊತ್ತಿಗೆ, ಜೀವಂತ ಕೊರಮೀನಿನ ಮರಿಯ ಬಾಯಲ್ಲಿ ಹಳದಿ ಮದ್ದು ಇಟ್ಟು ನುಂಗಿಸ್ತಾರೆ, ಪುಗಸಟ್ಟೆ. ಮೀನು ತಿನ್ನದವರಿಗೆ ಬೆಲ್ಲದಲ್ಲಿ. ಮೊದಲು ಹಳೇ ಶಹರದ ದೂದ್ ಬೌಲಿಯಲ್ಲಿ, ಆಮೇಲೆ ನಾಂಪಲ್ಲಿಯ ಎಕ್ಸಿಬಿಷನ್ ಮೈದಾನದಲ್ಲಿ. ಕೋವಿಡ್ ಕಾಲದಲ್ಲಿ ನಿಂತು, 2023ರಲ್ಲಿ ಮತ್ತೆ ಶುರುವಾಯ್ತು. ದಮ್ಮು ಗುಣ ಮಾಡುತ್ತೆ ಅನ್ನೋದಕ್ಕೆ ಪುರಾವೆ ಇಲ್ಲ, ನಾನು ನಂಬೋದೂ ಇಲ್ಲ. ಆದ್ರೆ ನಕ್ಕುಬಿಡೋಕೆ ಮನಸ್ಸಾಗಲ್ಲ. ಆ ಸಾಲಿನಲ್ಲಿ ನಿಂತವರನ್ನ ನೋಡಿ: ಪ್ರತಿ ರೋಗಿ ಜೊತೆ ಹೆಂಡತಿಯೋ ಮಗಳೋ ಸೊಸೆಯೋ ಒಬ್ಬರು, ಕೈಯಲ್ಲಿ ನೀರಿನ ಬಾಟಲಿ, ಹೆಗಲಿಗೆ ಬುತ್ತಿ ಚೀಲ. ಮುಂದಿನ 45 ದಿನದ ಪಥ್ಯ ಅಡಿಗೆ ಮಾಡೋರೂ ಅವರೇ. ಚರಕ ಹೇಳಿದ ನಾಲ್ಕನೇ ಕಾಲು ಅಲ್ಲಿ ಬರಿಗಾಲಲ್ಲಿ ನಿಂತಿರುತ್ತೆ.

1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು, 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಬಂತು. ಅದಕ್ಕೂ ಮುಂಚೆ 1946ರಲ್ಲಿ ಭೋರ್ ಸಮಿತಿ ಹಳ್ಳಿಗೂ ದವಾಖಾನೆ ಬೇಕು, ನರ್ಸುಗಳು ಬಹಳ ಬೇಕು ಅಂತ ವರದಿ ಕೊಟ್ಟಿತ್ತು. 1950ರ ದಶಕದಲ್ಲಿ ಎಎನ್‌ಎಂ ಅನ್ನೋ ಹೊಸ ತರಬೇತಿ ದೇಶದಲ್ಲಿ ಶುರುವಾಯ್ತು. ನಮ್ಮ ಹಳ್ಳಿಗಳಿಗೆ "ಸಿಸ್ಟರ್" ಬಂದದ್ದು ಹೀಗೆ. ಅವರ ಕೆಲಸದ ಪಟ್ಟಿ ನೋಡಿದ್ರೆ ಹೆರಿಗೆ, ಲಸಿಕೆ, ಕುಟುಂಬ ಯೋಜನೆ, ಮಲೇರಿಯಾ, ಕ್ಷಯ. ದಮ್ಮು ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, 1962ರಲ್ಲಿ ದೇಶಕ್ಕೆಲ್ಲ ಕ್ಷಯ ನಿಯಂತ್ರಣ ಕಾರ್ಯಕ್ರಮ. ಒಳ್ಳೇದೇ ಆಯ್ತು. ಆದ್ರೆ ಕೆಮ್ಮಿಕೊಂಡು ಬಂದ ಮುದುಕನ ಕಫ ಪರೀಕ್ಷೆ ಮಾಡಿ "ಟಿ.ಬಿ. ಇಲ್ಲ ಮುತ್ಯಾ, ಆರಾಮ ಹೋಗ್ರಿ" ಅಂತ ಕಳಿಸಿದ್ರೆ ಅಲ್ಲಿಗೆ ಕಥೆ ಮುಗೀತಿತ್ತು. ಟಿ.ಬಿ. ಇಲ್ಲ ಅಂದ್ರೆ ಕಾಯಿಲೆನೇ ಇಲ್ಲ ಅನ್ನೋ ಹಾಗೆ. ಕೇಂದ್ರ ಸರ್ಕಾರದ ಸಾಂಕ್ರಾಮಿಕವಲ್ಲದ ರೋಗಗಳ ಕಾರ್ಯಕ್ರಮ ಶುರುವಾದದ್ದೇ 2010ರಲ್ಲಿ, ಆಗಲೂ ಅದರಲ್ಲಿ ಇದ್ದದ್ದು ಕ್ಯಾನ್ಸರ್, ಸಕ್ಕರೆ ಕಾಯಿಲೆ, ಹೃದಯ, ಪಾರ್ಶ್ವವಾಯು. ಸಿಒಪಿಡಿ ಅದರೊಳಗೆ ಬಂದದ್ದು ತಡವಾಗಿ. 2023ರಲ್ಲಿ ಕಾರ್ಯಕ್ರಮದ ಹೆಸರು ಬದಲಾಗೋ ಹೊತ್ತಿಗೆ ಸಿಒಪಿಡಿ, ಆಸ್ತಮಾ ಎರಡೂ ಪಟ್ಟಿಯಲ್ಲಿವೆ. ಎಎನ್‌ಎಂಗೂ ನಮ್ಮ ರಾಜ್ಯದಲ್ಲಿ ಈಗ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ ಅಂತ ಉದ್ದ ಹೆಸರು. ಹಳ್ಳಿಯಲ್ಲಿ ಈಗಲೂ ಸಿಸ್ಟರೇ.

ಇನ್ನು ಹೊಗೆಯ ಮಾತು. ದಮ್ಮು ಅಂದ್ರೆ ಬೀಡಿ ಸೇದೋ ಗಂಡಸರ ಕಾಯಿಲೆ ಅಂತ ಪುಸ್ತಕಗಳು ಬಹಳ ಕಾಲ ಹೇಳ್ತಾ ಬಂದವು. 1959ರಲ್ಲೇ ದಿಲ್ಲಿಯ ಡಾ. ಎಸ್. ಪದ್ಮಾವತಿ ಮತ್ತು ಅವರ ಸಹೋದ್ಯೋಗಿ ಪಾಠಕ್, ಶ್ವಾಸಕೋಶ ಹಾಳಾಗಿ ಹೃದಯಕ್ಕೆ ಪೆಟ್ಟು ಬಿದ್ದ 127 ರೋಗಿಗಳ ಬಗ್ಗೆ ಬರೆದು, ಹೆಂಗಸರಿಗೂ ಇದು ಗಂಡಸರಷ್ಟೇ ಬರ್ತಿದೆ, ಸಗಣಿ ಕುಳ್ಳಿನ ಒಲೆಯ ಹೊಗೆ ನೋಡಬೇಕು ಅಂತ ಎಚ್ಚರಿಸಿದ್ದರು. (ಪದ್ಮಾವತಿಯವರು 103ನೇ ವಯಸ್ಸಿನಲ್ಲಿ, 2020ರಲ್ಲಿ, ಕೋವಿಡ್‌ನಿಂದ ತೀರಿಕೊಂಡರು. ಎಂಥಾ ಆಯುಷ್ಯ!) 1983ರಲ್ಲಿ ಕರ್ಕ್ ಸ್ಮಿತ್ ಮತ್ತು ಜೊತೆಗಾರರು ಗುಜರಾತಿನ ಹಳ್ಳಿ ಅಡಿಗೆಮನೆಗಳಲ್ಲಿ ಹೊಗೆಯನ್ನ ಯಂತ್ರ ಇಟ್ಟು ಅಳೆದೇ ತೋರಿಸಿದರು. ನಮ್ಮ ಕಡೆ ತೊಗರಿ ಕಟ್ಟಿಗೆ, ಕುಳ್ಳು, ಹತ್ತಿ ಕಟ್ಟಿಗೆ ಉರಿಸಿ ರೊಟ್ಟಿ ಸುಟ್ಟವರಿಗೆ ಇದೇನು ಹೊಸ ಸುದ್ದಿ ಅಲ್ಲ. 2016ರ ಅಂದಾಜಿನಲ್ಲಿ ದೇಶದಲ್ಲಿ ಸಿಒಪಿಡಿ ಇರೋರು 5.53 ಕೋಟಿ, 1990ರಲ್ಲಿ 2.81 ಕೋಟಿ ಇತ್ತು. ಈ ಕಾಯಿಲೆಯ ಹೊರೆಯಲ್ಲಿ ನೂರಕ್ಕೆ 54ರಷ್ಟು ಹೊಗೆ–ಧೂಳಿನ ಗಾಳಿಗೆ, 25ರಷ್ಟು ತಂಬಾಕಿಗೆ ಲೆಕ್ಕ ಹಾಕಿದ್ದಾರೆ. 2016ರಲ್ಲೇ ಉಜ್ವಲಾ ಗ್ಯಾಸ್ ಬಂತು. ಸಿಲಿಂಡರ್ ತುಂಬಿಸೋ ದುಡ್ಡು ಇಲ್ಲದ ತಿಂಗಳು ಒಲೆ ಮತ್ತೆ ಹೊತ್ತುತ್ತೆ.

ಇದರಲ್ಲಿ ನನ್ನನ್ನ ಕಾಡೋದು ಒಂದೇ ಸಂಗತಿ. ದಮ್ಮು ಹತ್ತಿದ ಗಂಡನಿಗೆ ಬಿಸಿ ನೀರು ಕಾಯಿಸೋಕೆ, ಗಂಜಿ ಮಾಡೋಕೆ ಹೆಂಡತಿ ಅದೇ ಒಲೆ ಮುಂದೆ ಕೂರಬೇಕು. ಆರೈಕೆ ಮಾಡ್ತಾ ಮಾಡ್ತಾ ಅವಳೂ ಹೊಗೆ ಕುಡೀತಾಳೆ. ಹತ್ತು ವರ್ಷ ಬಿಟ್ಟು ಅವಳಿಗೆ ದಮ್ಮು ಹತ್ತಿದಾಗ ಲೋಡು ಇಡೋಕೆ ಸೊಸೆ ಬರಬೇಕು. ಅವಳೂ ಅದೇ ಅಡಿಗೆಮನೆಯಿಂದಲೇ ಎದ್ದು ಬರ್ತಾಳೆ.

ಆಕ್ಸಿಜನ್ ಕಥೆ ಇನ್ನೂ ವಿಚಿತ್ರ. ಉಸಿರು ಸಿಗದೋರಿಗೆ ಆಕ್ಸಿಜನ್ ಜಾಸ್ತಿ ಕೊಟ್ಟಷ್ಟೂ ಒಳ್ಳೇದು ಅಂತ ಯಾರಿಗಾದರೂ ಅನ್ನಿಸುತ್ತೆ. ಸಿಒಪಿಡಿ ಮುದಿರಿದವರಲ್ಲಿ ಅದು ತಿರುಗುಮುರುಗು. ಕಾರ್ಬನ್ ಡೈಆಕ್ಸೈಡ್ ರಕ್ತದಲ್ಲಿ ಏರಿ ರೋಗಿ ಮಂಪರಿಗೆ ಹೋಗ್ತಾನೆ, ನೋಡೋರಿಗೆ "ಆರಾಮ ನಿದ್ದೆ ಹತ್ಯಾದ" ಅನ್ನಿಸುತ್ತೆ, ಬೆಳಗಾಗೋದ್ರಲ್ಲಿ ಮುಗಿದಿರುತ್ತೆ. 1960ರಲ್ಲಿ ಮೊರಾನ್ ಕ್ಯಾಂಪ್‌ಬೆಲ್ ಅನ್ನೋ ವೈದ್ಯ, ಆಕ್ಸಿಜನ್ನನ್ನ ಅಳೆದು ಅಷ್ಟಷ್ಟೇ ಕೊಡೋ ವೆಂಚುರಿ ಮಾಸ್ಕ್ ಮಾಡಿದ. ಮಾಸ್ಕ್ ಬಂದು ಐವತ್ತು ವರ್ಷ ಆದ ಮೇಲೂ ಆಂಬುಲೆನ್ಸ್‌ಗಳಲ್ಲಿ ನಲ್ಲಿ ಪೂರಾ ತಿರುಗಿಸೋದು ನಡೀತಾನೇ ಇತ್ತು. 2010ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ 405 ರೋಗಿಗಳ ಮೇಲೆ ನಡೆದ ಪರೀಕ್ಷೆ ಪ್ರಕಟವಾಯ್ತು. ಆಂಬುಲೆನ್ಸ್‌ನಲ್ಲೇ ಬೆರಳಿಗೆ ಯಂತ್ರ ಹಾಕಿ, ಆಕ್ಸಿಜನ್ ಮಟ್ಟ 88ರಿಂದ 92ರ ನಡುವೆ ಇರೋ ಹಾಗೆ ಸಣ್ಣಗೆ ಕೊಟ್ಟವರು ಒಂದು ಕಡೆ, ಜೋರಾಗಿ ಕೊಟ್ಟವರು ಇನ್ನೊಂದು ಕಡೆ. ಸಿಒಪಿಡಿ ಖಚಿತವಿದ್ದವರಲ್ಲಿ ಜೋರಾಗಿ ಕೊಟ್ಟ ಕಡೆ ಸತ್ತವರು ನೂರಕ್ಕೆ 9, ಅಳೆದು ಕೊಟ್ಟ ಕಡೆ 2. ಹೊಸ ಔಷಧಿ ಇಲ್ಲ, ಹೊಸ ಯಂತ್ರ ಇಲ್ಲ. ನಲ್ಲಿ ತಿರುಗಿಸೋ ಕೈಗೆ ತಿಳಿವಳಿಕೆ ಇದ್ದದ್ದಷ್ಟೇ ವ್ಯತ್ಯಾಸ. ತಾಲೂಕು ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಆ ಕೈ ಬಹುತೇಕ ನರ್ಸಿನದ್ದೇ.

ಮನೆಯಲ್ಲಿ ಆಕ್ಸಿಜನ್ ಕೊಡೋದರ ಹಿಂದೆಯೂ ಒಬ್ಬ ನರ್ಸ್ ಇದ್ದಾರೆ. ಅಮೆರಿಕದ ಡೆನ್ವರ್‌ನಲ್ಲಿ 1960ರ ದಶಕದಲ್ಲಿ ಡಾ. ಥಾಮಸ್ ಪೆಟಿ ಜೊತೆ ಕೆಲಸ ಮಾಡಿದ ಲೂಯಿಸ್ ನೆಟ್. ಉಸಿರು ಹಿಡೀತು ಅಂತ ಮಂಚ ಹಿಡಿದ ರೋಗಿಗಳನ್ನ ಇವರು ಹೊತ್ತೊಯ್ಯೋ ಆಕ್ಸಿಜನ್ ಕೊಟ್ಟು ನಡೆಸಿದರು. ಉಸಿರು ಹೇಗೆ ಬಿಡಬೇಕು, ಕಫ ಹೇಗೆ ತೆಗೀಬೇಕು ಅಂತ ರೋಗಿಗೂ ಮನೆಯವರಿಗೂ ಕಲಿಸಿದರು, 1967ರಲ್ಲಿ ಇಬ್ಬರೂ ಸೇರಿ ರೋಗಿಗಳಿಗೇ ಅಂತ ಪುಸ್ತಕ ಬರೆದರು. ಆಮೇಲೆ 1981ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಬಂತು, ರಕ್ತದಲ್ಲಿ ಆಕ್ಸಿಜನ್ ಬಹಳ ಕಮ್ಮಿ ಇದ್ದವರ ಮೇಲೆ. ದಿನಕ್ಕೆ 15 ತಾಸು ಮನೆಯಲ್ಲೇ ಆಕ್ಸಿಜನ್ ತಗೊಂಡ 42 ಜನರಲ್ಲಿ ಐದು ವರ್ಷದಲ್ಲಿ ಸತ್ತವರು 19, ತಗೊಳ್ಳದ 45 ಜನರಲ್ಲಿ 30. ಹದಿನೈದು ತಾಸು ಅಂದ್ರೆ ಎಷ್ಟು ಹೊತ್ತಾಯ್ತು ಲೆಕ್ಕ ಹಾಕಿ. ಮೂಗಿನ ನಳಿಗೆ ಜಾರದ ಹಾಗೆ, ಹತ್ತಿರ ಯಾರೂ ಬೀಡಿ ಹಚ್ಚದ ಹಾಗೆ, ಕರೆಂಟ್ ಹೋದಾಗ ಏನು ಮಾಡೋದು ಅಂತ ಮೊದಲೇ ಯೋಚಿಸಿ ನೋಡಿಕೊಳ್ಳೋರು ಒಬ್ಬರು ಬೇಕೇ ಬೇಕು.

ಇನ್ಹೇಲರ್ ಹುಟ್ಟಿದ್ದು ಒಂದು ಹುಡುಗಿಯ ಪ್ರಶ್ನೆಯಿಂದ. ಅಮೆರಿಕದ ರೈಕರ್ ಕಂಪನಿಯ ಜಾರ್ಜ್ ಮೇಸನ್ ಅನ್ನೋರ 13 ವರ್ಷದ ಮಗಳು, ತಲೆಗೂದಲಿಗೆ ಹೊಡ್ಕೊಳ್ಳೋ ಸ್ಪ್ರೇ ತರ ನನ್ನ ಆಸ್ತಮಾ ಔಷಧಿ ಯಾಕಿಲ್ಲ ಅಂದಳಂತೆ. 1956ರಲ್ಲಿ ಒತ್ತಿ ಎಳೆಯೋ ಇನ್ಹೇಲರ್ ಮಾರುಕಟ್ಟೆಗೆ ಬಂತು. ನಮ್ಮಲ್ಲಿ ಅದಕ್ಕೆ "ಪಂಪ್" ಅಂತಾರೆ. "ಪಂಪ್ ಹಚ್ಚಿದ್ರ ಚಟ ಆಗ್ತದ" ಅಂತ ಹೆದರಿ ಗುಳಿಗೆಯನ್ನೇ ಕೇಳೋರು ಇವತ್ತಿಗೂ ಇದ್ದಾರೆ. ಚಟ ಆಗಲ್ಲ. ತಪ್ಪಾಗಿ ಎಳೆದ್ರೆ ಔಷಧಿ ಎಲ್ಲ ಗಂಟಲಲ್ಲೇ ಉಳಿಯುತ್ತೆ, ಅಷ್ಟೇ ತೊಂದರೆ. ಮುದುಕರಿಗೆ ಒತ್ತೋದೂ ಎಳೆಯೋದೂ ಒಟ್ಟಿಗೆ ಆಗಲ್ಲ, ಅದಕ್ಕೆ ಸ್ಪೇಸರ್ ಅನ್ನೋ ಪ್ಲಾಸ್ಟಿಕ್ ಡಬ್ಬಿ. ಉಪಯೋಗಿಸಿದ ಮೇಲೆ ಬಾಯಿ ಮುಕ್ಕಳಿಸಬೇಕು. ಇದನ್ನೆಲ್ಲ ಒಂದು ಸಲ ಹೇಳಿದ್ರೆ ಸಾಲದು, ಬಂದಾಗಲೆಲ್ಲ ಎದುರಿಗೇ ಮಾಡಿಸಿ ನೋಡಬೇಕು. ಹೊರರೋಗಿ ಸಾಲು ಬಾಗಿಲ ಆಚೆ ನಿಂತಿರೋವಾಗ ಡಾಕ್ಟರಿಗೆ ಅಷ್ಟು ಪುರಸೊತ್ತು ಎಲ್ಲಿ?

ತುಟಿ ಸಣ್ಣಗೆ ಮಾಡಿ ಉಸಿರು ಬಿಡೋ ಅಭ್ಯಾಸವೂ ಹಾಗೇ. ಮೂಗಿನಿಂದ ತಗೊಂಡು, ತುಟಿ ಕೂಡಿಸಿ, ತಗೊಂಡದ್ದರ ಎರಡರಷ್ಟು ಹೊತ್ತು ನಿಧಾನ ಬಿಡೋದು. ಕೊಳವೆಗಳು ಬೇಗ ಮುಚ್ಚಿಕೊಳ್ಳಲ್ಲ, ಒಳಗೆ ಸಿಕ್ಕಿಬಿದ್ದ ಗಾಳಿ ಹೊರಗೆ ಬರುತ್ತೆ. "ಆಯಿ, ಊದುಗೊಳವಿ ಊದಿದಂಗ ಮಾಡ್ರಿ, ಖರೆ ಸಾವಕಾಶ" ಅಂತ ಹೇಳಿದ್ರೆ ನಮ್ಮ ಮುದುಕಿಯರಿಗೆ ತಟ್ಟನೆ ತಿಳಿಯುತ್ತೆ. ನಲವತ್ತು ವರ್ಷ ಒಲೆ ಊದಿದವರು ತಾನೇ! ಊಟ ಒಮ್ಮೆಲೇ ಹೊಟ್ಟೆ ಬಿರಿಯ ಬೇಡ, ಸ್ವಲ್ಪ ಸ್ವಲ್ಪ ಐದಾರು ಸಲ. ತುಂಬಿದ ಹೊಟ್ಟೆ ಉಸಿರಿನ ಜಾಗ ತಿನ್ನುತ್ತೆ. ಸ್ನಾನ ಕೂತು ಮಾಡಿಸೋದು. ಕಫದ ಬಣ್ಣ ಬದಲಾದ್ರೆ, ಕಾಲು ಬಾತರೆ, ಮಾತು ತೊದಲಿ ಮಂಪರು ಬಂದ್ರೆ ಕಾಯದೆ ಆಸ್ಪತ್ರೆಗೆ ಹೊರಡೋದು.

ಹೊರಡೋದು ಅಂದ್ರೆ ನಮ್ಮಲ್ಲಿ ಸುಲಭದ ಮಾತಲ್ಲ. ಬಸವಕಲ್ಯಾಣದಿಂದ ಬೀದರ್ ಸುಮಾರು 80 ಕಿಲೋಮೀಟರ್, ಹುಮನಾಬಾದಿನಿಂದ 50ರ ಹತ್ತಿರ. ಬೀದರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು, ಬ್ರಿಮ್ಸ್, ಬಂದದ್ದೇ 2007ರಲ್ಲಿ. 108 ಆಂಬುಲೆನ್ಸ್ 2008ರ ರಾಜ್ಯೋತ್ಸವದ ಹೊತ್ತಿಗೆ. ಹುಮನಾಬಾದ್ ಮೇಲೆ ಹಾಯೋ ಬೀದರ್–ಕಲಬುರಗಿ ರೈಲು ಮಾರ್ಗ ಪೂರ್ತಿ ತೆರೆದದ್ದು 2017ರಲ್ಲಿ. ಅದಕ್ಕೂ ಹಿಂದಿನವರು ಬೀದರ್ ಮಿಷನ್ ದವಾಖಾನೆಗೋ, ಸೊಲ್ಲಾಪುರಕ್ಕೋ, ಹೈದರಾಬಾದಿಗೋ ಜೀಪಿನಲ್ಲಿ ಅಲುಗಾಡ್ತಾ ಹೋದವರು, ಕೂತುಕೊಂಡೇ, ಯಾರದೋ ಹೆಗಲಿಗೆ ಒರಗಿ.

2021ರ ಏಪ್ರಿಲ್ ನಿಮಗೂ ನೆನಪಿರುತ್ತೆ. ಶಾಸಕ ಬಿ. ನಾರಾಯಣರಾವ್ ಹಿಂದಿನ ಸೆಪ್ಟೆಂಬರ್‌ನಲ್ಲಿ ಕೋವಿಡ್‌ನಿಂದಲೇ ತೀರಿಕೊಂಡಿದ್ದರಿಂದ ಬಸವಕಲ್ಯಾಣದಲ್ಲಿ 17ನೇ ತಾರೀಖು ಉಪಚುನಾವಣೆ, ಅದೂ ಎರಡನೇ ಅಲೆ ಏರ್ತಾ ಇರೋ ಹೊತ್ತಲ್ಲಿ. ಮೇ ಮೊದಲ ವಾರ ಚಾಮರಾಜನಗರದಲ್ಲಿ ಆಕ್ಸಿಜನ್ ಸಿಗದೆ ಜನ ಸತ್ತ ಸುದ್ದಿ. ಆವತ್ತಿನಿಂದ ಬೆರಳಿಗೆ ಹಾಕೋ ಆಕ್ಸಿಮೀಟರ್ ಕಿರಾಣಿ ಅಂಗಡಿ ಮಾತಾಯ್ತು, "ನಿಂದೆಷ್ಟದ?" ಅಂತ ಕಟ್ಟೆ ಮೇಲೆ ಕೇಳೋ ಹಾಗಾಯ್ತು. ಆ ಗದ್ದಲದಲ್ಲಿ ಊರೂರಿಗೆ ಕಾನ್ಸೆಂಟ್ರೇಟರ್ ಯಂತ್ರಗಳು ಬಂದವು. ಅಲೆ ಇಳಿದ ಮೇಲೆ ಅದೇ ಯಂತ್ರಗಳು ದಮ್ಮಿನ ಮುದುಕರಿಗೆ ಸಿಗಬೇಕು. 95 ಇರಲೇಬೇಕು ಅಂತ ಕೋವಿಡ್‌ನಲ್ಲಿ ಕಲಿತ ಮಂದಿಗೆ, ಸಿಒಪಿಡಿ ಮುತ್ಯಾನಿಗೆ 90 ಸಾಕು ಅಂತ ಹೊಸದಾಗಿ ಹೇಳಬೇಕು. ಮಗ ನಲ್ಲಿ ಜೋರು ಮಾಡೋಕೆ ಕೈ ಹಾಕ್ತಾನೆ, ಸಿಸ್ಟರ್ ಬಂದು ಮತ್ತೆ ಎರಡು ಲೀಟರಿಗೆ ಇಳಿಸ್ತಾರೆ. "ಯಾಕ್ ಕಮ್ಮಿ ಮಾಡ್ದಿ ಅಕ್ಕಾ, ಸಾಯ್ಲಿ ಅಂತೇನ?" ಅಂತ ಬೈಸಿಕೊಳ್ತಾರೆ. ಬೈಸಿಕೊಂಡು, ಗಡಿಯಾರ ನೋಡ್ತಾ, ಒಂದು ನಿಮಿಷ ಉಸಿರು ಎಣಿಸಿ ಚಾರ್ಟಿನಲ್ಲಿ ಬರೀತಾರೆ.

ನಿಮ್ಮ ಸೀಮೆಯಲ್ಲಿ ಈ ಕಾಯಿಲೆಗೆ ಏನಂತ ಕರೀತಾರೆ? ರಾತ್ರಿ ಕೂಡಿಸೋಕೆ ಬೆನ್ನಿಗೆ ಏನಿಡ್ತಾರೆ, ಲೋಡೋ, ಸುತ್ತಿದ ಗಾದಿಯೋ, ಜೋಳದ ಚೀಲವೋ? ಗೊತ್ತಿದ್ದವರು ಬರೆದು ತಿಳಿಸಿ.